ಅಮ್ಮನ ಕಡೆಯ ಮೂಲ ಹುಡುಕಲು ಮೈಟೊಕಾಂಡ್ರಿಯಾ ಡಿಎನ್‌ಎ ಪರೀಕ್ಷೆ

ಪ್ರಶ್ನೆ: ನಮ್ಮದು ಉಡುಪಿ ಕಡೆಯ ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಕುಟುಂಬ, ನಮ್ಮ 'ಬರಿ', ಅಂದರೆ ಕುಲ, ಅಮ್ಮನಿಂದಲೇ ಬರುತ್ತದೆ. ಅಜ್ಜಿಯ ಅಜ್ಜಿ ತನಕ ಹೆಸರು ಗೊತ್ತು, ಅದರಾಚೆ ಏನೂ ಇಲ್ಲ. ಫ್ಯಾಮಿಲಿಟ್ರೀಡಿಎನ್‌ಎ ಎಂಬ ಡಿಎನ್‌ಎ ಪರೀಕ್ಷಾ ಕಂಪನಿಯಲ್ಲಿ ಸ್ವಯಂಸೇವಕರು ನಡೆಸುವ ಗುಂಪು ಸೇರಿದರೆ, ಒಂದೇ ಬರಿಯವರೆಲ್ಲ ನಿಜಕ್ಕೂ ಒಬ್ಬಳೇ ತಾಯಿಯ ಸಂತಾನವಾ ಅಂತ ತಿಳಿಯಬಹುದಾ? ನಾನು ಗಂಡಸು, ನನ್ನ ಸ್ಯಾಂಪಲ್ ನಡೆಯುತ್ತದಾ?

ಉತ್ತರ 1: ಖಂಡಿತ ನಡೆಯುತ್ತದೆ. ಮೈಟೊಕಾಂಡ್ರಿಯಾ ಡಿಎನ್‌ಎ ಅಂದರೆ ತಾಯಿಯಿಂದ ಮಾತ್ರ ಬರುವ ಡಿಎನ್‌ಎ. ಅಮ್ಮನದು ನಿಮ್ಮಲ್ಲೂ ಇದೆ, ನಿಮ್ಮ ಮಕ್ಕಳಿಗೆ ಮಾತ್ರ ಹೋಗುವುದಿಲ್ಲ. ಪೂರ್ತಿ ಓದುವ ಪರೀಕ್ಷೆಯನ್ನೇ ಮಾಡಿಸಿ, ಅದರಲ್ಲಿ ಸುಮಾರು 16,569 ಡಿಎನ್‌ಎ ಅಕ್ಷರ ಇರುತ್ತದೆ. ಇದು ತುಂಬಾ ನಿಧಾನವಾಗಿ ಬದಲಾಗುತ್ತದೆ, ಹಾಗಾಗಿ ಸ್ವಲ್ಪ ಭಾಗ ಮಾತ್ರ ಓದಿಸಿ ಯಾರ ಜೊತೆಗೋ ಹೊಂದಿತು ಅಂದರೆ ನಿಮ್ಮಿಬ್ಬರಿಗೂ ಮೂಲವಾದ ಅಜ್ಜಿ ಸಾವಿರಾರು ವರ್ಷ ಹಿಂದಿನವಳೂ ಆಗಿರಬಹುದು.

ಉತ್ತರ 2: ಫಲಿತಾಂಶ ಸುಮ್ನೆ 'ಎಂ' (ತಾಯಿ ಕಡೆಯ ವಂಶವೃಕ್ಷದ ಒಂದು ದೊಡ್ಡ ಕೊಂಬೆಯ ಹೆಸರು) ಅಂತ ಬಂದರೆ ಸಾಲದು. ಭಾರತದಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆ ಕೊಂಬೆಯವರೇ. ಎಂ2, ಎಂ3 ಹೀಗೆ ಒಳಗಿನ ಕವಲು ನೋಡಬೇಕು. ಬೇರೆ ಬೇರೆ ಊರಲ್ಲಿರುವ ನಿಮ್ಮ ಬರಿಯವರು ಇಬ್ಬರು ಮೂವರನ್ನು ಸೇರಿಸಿಕೊಳ್ಳಿ. ಕವಲು ಬೇರೆ ಬಂದರೆ ಮೂಲತಾಯಿ ಒಬ್ಬಳೇ ಅಲ್ಲ, ಅಥವಾ ನಡುವೆ ದತ್ತು ಆಗಿರಬಹುದು. ಮನೆಯವರಿಗೆ ಇದನ್ನು ಮೊದಲೇ ಹೇಳುವುದು ಒಳ್ಳೆಯದು ಅಲ್ವಾ?

ಪ್ರಶ್ನೆ ಕೇಳಿದವರು: ಹೌದು, ಮೊದಲು ದೊಡ್ಡಮ್ಮನ ಜೊತೆ ಮಾತಾಡುತ್ತೇನೆ. ಕುಂದಾಪುರದಲ್ಲೂ ನಮ್ಮ ಬರಿಯವರಿದ್ದಾರೆ, ಅವರನ್ನೂ ಕೇಳುತ್ತೇನೆ.