ಎಂಜಿಬಿಯ ಬಾನೆಟ್ಟಿನಡಿಯಿಂದ ಹಬೆ: ಹೆಡ್ ಇಳಿಸುವ ಮುನ್ನ ಅನುಭವಸ್ಥರ ಮಾತು ಬೇಕಾಗಿದೆ

ಶಿವಮೊಗ್ಗದಿಂದ, ಪ್ರಶ್ನೆ:
ದೊಡ್ಡಪ್ಪನವರಿಂದ ನನ್ನ ಕೈಗೆ ಬಂದಿರುವ 1967ರ ಎಂಜಿಬಿ ಎಂಬ ಇಂಗ್ಲಿಷ್ ಸ್ಪೋರ್ಟ್ಸ್ ಕಾರು ಗಾಜನೂರಿಗೆ ಹೋಗಿ ಬರುವಷ್ಟರಲ್ಲಿ ಅರ್ಧ ಲೀಟರ್ ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಕಳೆದುಕೊಳ್ಳುತ್ತದೆ. ಎಂಜಿನ್ ಆರಿಸಿದ ಮೇಲೆ ಬಾನೆಟ್ಟಿನ ಹಿಂಬದಿಯಿಂದ, ಮುಂಗಾಜಿನ ಹತ್ತಿರ, ಹಬೆ ಏಳುತ್ತದೆ. ನೆಲದ ಮೇಲೆ ಹನಿ ಕಾಣುವುದಿಲ್ಲ, ಟೆಂಪರೇಚರ್ ಮುಳ್ಳು ನಡುವಿನಲ್ಲೇ ಇದೆ. ಮೆಕ್ಯಾನಿಕ್, ಎಂಜಿನ್ನಿನ ಮೇಲ್ಭಾಗದ ಮುಚ್ಚಳವಾದ ಹೆಡ್ ಇಳಿಸಲೇಬೇಕು ಎನ್ನುತ್ತಿದ್ದಾರೆ. ಇಂಥದ್ದನ್ನು ಅನುಭವಿಸಿದವರು ದಯವಿಟ್ಟು ತಿಳಿಸಬೇಕು.

ತೀರ್ಥಹಳ್ಳಿಯಿಂದ:
ಮೊದಲು ನನ್ನ ಕತೆ ಕೇಳಿ, ಆಮೇಲೆ ನಿರ್ಧರಿಸಿ. ನನ್ನದು ಜಪಾನಿನ ಎರಡು ಸೀಟಿನ ಹಳೆಯ ಕಾರು. ಮಳೆಗಾಲದಲ್ಲಿ ಆಗುಂಬೆಗೆ ಹೋಗಿ ಬಂದ ಮರುದಿನ ಸೈಲೆನ್ಸರಿನ ಬಿಳಿ ಹೊಗೆಯನ್ನು ಕಂಡ ಗ್ಯಾರೇಜಿನವರೊಬ್ಬರು, ಯಾವ ಪರೀಕ್ಷೆಯನ್ನೂ ಮಾಡದೆ, ಹೆಡ್ ಗ್ಯಾಸ್ಕೆಟ್ (ಹೆಡ್ಡಿಗೂ ಕೆಳಗಿನ ಬ್ಲಾಕಿಗೂ ನಡುವಿನ ಪದರ) ಹೋಗಿದೆ ಎಂದು ತೀರ್ಪು ಕೊಟ್ಟುಬಿಟ್ಟರು. ಗ್ಯಾಸ್ಕೆಟ್ ಸೆಟ್ಟಿಗೆ 9,400, ಅದರ ಸುಂಕಕ್ಕೆ 3,150, ಹೆಡ್ಡಿನ ತಳ ಸಮಮಾಡುವ ಫೇಸಿಂಗಿಗೆ 2,200, ಹೊಸ ಬೋಲ್ಟುಗಳಿಗೆ 4,600, ಕೂಲಿ 14,000, ಆಯಿಲ್ ಮತ್ತು ಕೂಲೆಂಟಿಗೆ 3,850, ಒಟ್ಟು 37,200 ರೂಪಾಯಿ ಹೋಯಿತು. ಕಾರು ಹನ್ನೊಂದು ವಾರ ಜ್ಯಾಕಿನ ಮೇಲೆ ನಿಂತಿತ್ತು. ಹೊರತಂದ ಎರಡನೆಯ ದಿನವೇ ಮತ್ತೆ ಹಬೆ! ಕೊನೆಗೆ ಸಿಕ್ಕಿದ್ದು ರೇಡಿಯೇಟರಿನ ಪ್ಲಾಸ್ಟಿಕ್ ಟ್ಯಾಂಕಿನಲ್ಲಿದ್ದ ಕೂದಲೆಳೆಯಷ್ಟು ಬಿರುಕು. ಇನ್ನು ಆ ಸೈಲೆನ್ಸರಿನ ಹೊಗೆಯ ವಿಷಯ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹೊರಬೀಳುತ್ತದೆ. ಜುಲೈ ತಿಂಗಳ ಬೆಳಗಿನ ಥಂಡಿಯಲ್ಲಿ ಅದು ಬೆಳ್ಳಗೆ ಕಾಣದೆ ಇನ್ನು ಹೇಗೆ ಕಾಣಬೇಕಿತ್ತು? ಎಂಜಿನ್ ಪೂರ್ತಿ ಬಿಸಿಯಾದ ಮೇಲೂ ನಿಲ್ಲದೆ, ಸಿಹಿ ವಾಸನೆಯೊಂದಿಗೆ ಬಂದರೆ ಮಾತ್ರ ಕೂಲೆಂಟ್ ಉರಿಯುತ್ತಿದೆ ಎಂದು ಸಂಶಯಪಡಬೇಕು.

ಸಾಗರದಿಂದ:
ನನ್ನದು ಪದ್ಮಿನಿ ಕಾರು, ಸ್ಪೋರ್ಟ್ಸ್ ಕಾರಲ್ಲ ಎಂದು ಯಾರೂ ನಗಬೇಕಾಗಿಲ್ಲ. 1089 ಸಿಸಿಯ ಆ ಎಂಜಿನ್ನಿನಲ್ಲಿ ಇಪ್ಪತ್ತಾರು ವರ್ಷ ಹುಲಿಕಲ್ ಘಾಟಿ ಹತ್ತಿಳಿದಿದ್ದೇನೆ. ಒಮ್ಮೆ ಮಾಸ್ತಿಕಟ್ಟೆಯ ಬಳಿ ರೇಡಿಯೇಟರ್ ಸೋರಿ ಹಬೆ ಮುಖಕ್ಕೇ ಹೊಡೆಯುವಂತಾದಾಗ, ಲಾರಿ ಚಾಲಕರೊಬ್ಬರು ಎಂಜಿನ್ ಆರುವ ತನಕ ಕಾಯಿಸಿ, ಐವತ್ತು ಗ್ರಾಂ ಅರಿಶಿನ ಪುಡಿಯನ್ನು ನೀರಿನಲ್ಲಿ ಕದಡಿ ಹಾಕಿಸಿದರು. ಹತ್ತು ತಿಂಗಳು ಒಂದು ಹನಿಯೂ ಸೋರಲಿಲ್ಲ. ಖರ್ಚು ಹದಿನೈದು ರೂಪಾಯಿ. 37,200 ಕೊಟ್ಟವರಿಗೆ ಇದು ಸಣ್ಣ ವಿಷಯವಾಗಿ ಕಾಣಬಹುದು.

ತೀರ್ಥಹಳ್ಳಿಯಿಂದ:
ಸಾಗರದವರು ಹನ್ನೊಂದನೆಯ ತಿಂಗಳಿನ ಕತೆಯನ್ನು ಏಕೆ ಬಿಟ್ಟರು? ಅರಿಶಿನಕ್ಕೆ ಬಿರುಕು ಯಾವುದು, ರೇಡಿಯೇಟರಿನ ಕೊಳವೆ ಯಾವುದು ಎಂಬ ವಿವೇಚನೆ ಇರುವುದಿಲ್ಲ, ಎರಡನ್ನೂ ಕಟ್ಟುತ್ತದೆ. ಸಾರಿಗೆ ಹಾಕುವುದನ್ನು ಎಂಜಿನ್ನಿಗೆ ಹಾಕಿ ಎಂದು ಬೇರೆಯವರಿಗೆ ಬೋಧಿಸಬೇಡಿ.

ಸಾಗರದಿಂದ:
ಮುಂದಿನ ವರ್ಷ ರೇಡಿಯೇಟರ್ ಬಿಚ್ಚಿಸಿ, ಕೊಳವೆಗಳಿಗೆ ಸರಳು ಹಾಕಿಸಿ ಶುಚಿ ಮಾಡಿಸಿದ್ದು ನಿಜ, 1,900 ರೂಪಾಯಿ ಕೊಟ್ಟದ್ದೂ ನಿಜ. ಅದು ಹಳೆಯ ತುಕ್ಕಿನಿಂದ ಆದದ್ದೇ ಹೊರತು ಅರಿಶಿನದಿಂದಲ್ಲ. ಅಲ್ಲದೆ ಮಲೆನಾಡಿನ ಎತ್ತರದಲ್ಲಿ ನೀರು ಬೇಗ ಕುದಿಯುತ್ತದೆ, ಹಬೆ ಬಂದ ಮಾತ್ರಕ್ಕೆ ಸೋರಿಕೆ ಇದೆ ಎಂದೇನೂ ಅಲ್ಲ.

ಭದ್ರಾವತಿಯಿಂದ:
ನಾನು ಉಕ್ಕಿನ ಕಾರ್ಖಾನೆಯಲ್ಲಿ ಎರಕದ ಕೆಲಸ ಮಾಡಿ ನಿವೃತ್ತನಾದವನು. ಆಗುಂಬೆಯ ಎತ್ತರ ಸುಮಾರು 650 ಮೀಟರ್, ಅಲ್ಲಿ ನೀರು ಸುಮಾರು 98 ಡಿಗ್ರಿಗೆ ಕುದಿಯುತ್ತದೆ. ಆದರೆ ಚದರ ಅಂಗುಲಕ್ಕೆ 10 ಪೌಂಡ್ ಒತ್ತಡ ಹಿಡಿದಿಡುವ ರೇಡಿಯೇಟರ್ ಕ್ಯಾಪ್ ಸರಿಯಾಗಿದ್ದರೆ ಒಳಗಿನ ನೀರು ಸುಮಾರು 115 ಡಿಗ್ರಿಯವರೆಗೆ ಕುದಿಯುವುದಿಲ್ಲ. ಆದ್ದರಿಂದ ಎರಡು ಡಿಗ್ರಿಗಾಗಿ ಘಟ್ಟವನ್ನು ದೂರುವ ಮೊದಲು ಕ್ಯಾಪಿನ ರಬ್ಬರನ್ನು ನೋಡಿ. ನಾನು ಹಾಗೆ ನೋಡಲಿಲ್ಲ. ಗೆಳೆಯರೊಬ್ಬರಿಂದ ಕೊಂಡ ಹಳೆಯ ಇಂಗ್ಲಿಷ್ ಕಾರು ಮಂಡಗದ್ದೆಯ ಬಳಿ ಕುದಿದಾಗ, ಅವಸರದಲ್ಲಿ ಅದೇ ಬಿಸಿಗೆ ತುಂಗೆಯ ತಣ್ಣೀರನ್ನು ಸುರಿದೆ. ಜೀವಮಾನವೆಲ್ಲ ಎರಕದ ಮುಂದೆ ನಿಂತವನು ಮಾಡಬಾರದ ಕೆಲಸ ಅದು. ಹೆಡ್ಡಿನಲ್ಲಿ ಬಿರುಕು ಹುಡುಕಲು ಕೆಂಪು ಬಣ್ಣ ಹಚ್ಚಿ, ಒರೆಸಿ, ಮೇಲೆ ಬಿಳಿ ಪುಡಿ ಸಿಂಪಡಿಸಿದಾಗ ಎರಡು ವಾಲ್ವುಗಳ ನಡುವೆ ಕೆಂಪು ಗೆರೆ ಎದ್ದು ಬಂತು. ಬೇರೆ ಹೆಡ್ ಸಿಗಲು ಏಳು ತಿಂಗಳು ಹಿಡಿಯಿತು, ಬೆಲೆಯನ್ನು ಮನೆಯಲ್ಲಿ ಇಂದಿಗೂ ಹೇಳಿಲ್ಲ.

ಸಾಗರದಿಂದ:
ತಣ್ಣೀರು ಸುರಿದು ಹೆಡ್ ಒಡೆದವರಿಂದ ಉಪದೇಶ ಕೇಳಬೇಕಾದ ಕಾಲ ಬಂತು.

ಕೊಪ್ಪದಿಂದ:
ಪ್ರಶ್ನೆ ಕೇಳಿದವರು ಏನು ಬರೆದಿದ್ದಾರೆಂದು ಇಲ್ಲಿ ಯಾರಾದರೂ ಓದಿದ್ದೀರಾ? ಹಬೆ ಬರುತ್ತಿರುವುದು ಹಿಂಬದಿಯಿಂದ, ಮುಳ್ಳು ನಡುವಿನಲ್ಲಿದೆ. ಎಂಜಿಬಿಯಲ್ಲಿ, ಕಾರಿನೊಳಗೆ ಬೆಚ್ಚಗಿಡುವ ಹೀಟರಿಗೆ ಬಿಸಿನೀರು ಬಿಡುವ ವಾಲ್ವ್ ಕೂರುವುದು ಹೆಡ್ಡಿನ ಹಿಂಭಾಗದಲ್ಲೇ. ಅದರ ಬುಡದ ಗ್ಯಾಸ್ಕೆಟ್ ಒಣಗಿದರೆ, ಹನಿಗಳು ಬಿಸಿ ಬ್ಲಾಕಿನ ಮೇಲೆ ಬಿದ್ದು, ನೆಲ ಮುಟ್ಟುವ ಮೊದಲೇ ಹಬೆಯಾಗಿ ಹೋಗುತ್ತವೆ. ನನ್ನ ಕಾರಿನಲ್ಲಿ ಆದದ್ದೂ ಅದೇ. ಅದನ್ನು ಕಂಡುಹಿಡಿಯುವ ಮೊದಲು ನಾನು ವಾಟರ್ ಪಂಪ್ ಬದಲಿಸಿದೆ, ಎರಡು ಹೋಸ್ ಬದಲಿಸಿದೆ, ಬ್ಲಾಕಿನ ಬದಿಯ ತೂತುಗಳನ್ನು ಮುಚ್ಚುವ ಕೋರ್ ಪ್ಲಗ್‌ಗಳನ್ನೂ ಸುಮ್ಮನೆ ಕೀಳಿಸಿದೆ. ಪಂಪ್ ಸೋರಿದರೆ ನೀರು ಹೊರಬೀಳುವ ಅದರ ಕೆಳಗಿನ ಸಣ್ಣ ತೂತು ಒಣಗಿಯೇ ಇದ್ದುದನ್ನು ನೋಡಿದ್ದರೆ 5,300 ರೂಪಾಯಿ ಉಳಿಯುತ್ತಿತ್ತು. ಎಂಜಿನ್ ತಣ್ಣಗಿರುವಾಗ ಕ್ಯಾಪಿನ ಜಾಗಕ್ಕೆ ಪ್ರೆಷರ್ ಟೆಸ್ಟರ್ ಕೂರಿಸಿ, ಕ್ಯಾಪಿನ ಮೇಲೆ ಬರೆದಷ್ಟೇ ಒತ್ತಡ ಕೊಟ್ಟು, ಕಾಲು ಗಂಟೆ ಬಿಟ್ಟು, ಟಾರ್ಚ್ ಹಿಡಿದು ಹುಡುಕಿ. ಹೊರಗೆ ಎಲ್ಲಿಯೂ ಒದ್ದೆ ಕಾಣದೆ ಒತ್ತಡ ಇಳಿದರೆ ಮಾತ್ರ ಸ್ಪಾರ್ಕ್ ಪ್ಲಗ್‌ಗಳನ್ನು ಬಿಚ್ಚಿ ಸಿಲಿಂಡರಿನೊಳಗೆ ನೋಡಿ, ರೇಡಿಯೇಟರಿನ ಗಾಳಿಯನ್ನು ನೀಲಿ ದ್ರಾವಣದ ಮೂಲಕ ಹಾಯಿಸಿ. ಉರಿದ ಪೆಟ್ರೋಲಿನ ಅನಿಲ ಅದರಲ್ಲಿದ್ದರೆ ನೀಲಿ ಹಳದಿಯಾಗುತ್ತದೆ. ಹೆಡ್ ಇಳಿಸುವ ಮಾತು ಆಮೇಲೆ.

ತೀರ್ಥಹಳ್ಳಿಯಿಂದ:
ಆಯಿಲ್ ಮುಚ್ಚಳದ ಒಳಗಿನ ಬೆಣ್ಣೆಯಂಥ ಲೇಪವನ್ನೂ ನೋಡಲು ಹೇಳಿ. ಆಯಿಲಿಗೆ ನೀರು ಸೇರಿದೆ ಎನ್ನಲು ನನ್ನ ಗ್ಯಾರೇಜಿನವರು ಅದನ್ನೇ ಎರಡನೆಯ ಸಾಕ್ಷಿ ಮಾಡಿಕೊಂಡಿದ್ದರು.

ಕೊಪ್ಪದಿಂದ:
ಮಳೆಗಾಲದಲ್ಲಿ ಪೇಟೆಗೆ ಹೋಗಿ ಬರುವಷ್ಟೇ ಓಡಿಸಿದರೆ ಆ ಲೇಪ ಎಲ್ಲ ಹಳೆಯ ಎಂಜಿನ್‌ಗಳಲ್ಲಿಯೂ ಕಟ್ಟುತ್ತದೆ. ಡಿಪ್‌ಸ್ಟಿಕ್ಕಿನ ಆಯಿಲ್ ಕೂಡ ಹಾಲು ಬೆರೆಸಿದಂತೆ ಆಗಿತ್ತೇ? ಇಲ್ಲವಾದರೆ ನಿಮ್ಮ 37,200ಕ್ಕೆ ಎರಡನೆಯ ಸಾಕ್ಷಿಯೂ ಸುಳ್ಳಾಯಿತು.

ತೀರ್ಥಹಳ್ಳಿಯಿಂದ:
ಆಗಿರಲಿಲ್ಲ. ದಯವಿಟ್ಟು ಆ ಮೊತ್ತವನ್ನು ಪದೇ ಪದೇ ಬರೆಯಬೇಡಿ.

ಶಿವಮೊಗ್ಗದಿಂದ, ಪ್ರಶ್ನೆ ಕೇಳಿದವನು:
ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ಟೆಸ್ಟರ್ ಬಾಡಿಗೆಗೆ ಸಿಕ್ಕಿತು, ದಿನಕ್ಕೆ 200 ರೂಪಾಯಿ. ಒತ್ತಡ 10ರಿಂದ 4ಕ್ಕೆ ಇಳಿಯಿತು, ಹೀಟರ್ ವಾಲ್ವಿನ ಬುಡದಲ್ಲಿ ಹಸಿರು ಹನಿ ಕಟ್ಟಿತ್ತು. ಗ್ಯಾಸ್ಕೆಟ್ ಕತ್ತರಿಸಿ ಹಾಕಿದ್ದೇನೆ. ಈಗ ಕಾಲು ಗಂಟೆಗೆ 9ರಲ್ಲಿ ನಿಲ್ಲುತ್ತಿದೆ, ಉಳಿದ ಒಂದು ಪೌಂಡನ್ನು ಹುಡುಕುತ್ತಿದ್ದೇನೆ.

ಸಾಗರದಿಂದ:
ಆ ಒಂದು ಪೌಂಡಿಗೆ ಅರಿಶಿನ ಸಾಕು.