ಸರ್ವರ್ ಮುಚ್ಚಿಹೋಯಿತು, ಮನೆಯವರು ನಗುತ್ತಿದ್ದಾರೆ. ಅಲ್ಲಿದ್ದ ‘ಗೂಬೆ’ ನಾನೇ ಅಲ್ವಾ?

ಗೂಬೆ

ಬೈಯುವ ಮೊದಲು ಪೂರ್ತಿ ಓದಿ, ಪ್ಲೀಸ್.

ನನಗೀಗ 20 ವರ್ಷ. 14ನೇ ವಯಸ್ಸಿನಿಂದ ಒಂದೇ ಮೈನ್‌ಕ್ರಾಫ್ಟ್ ಸರ್ವರ್‌ನಲ್ಲಿ ಆಡುತ್ತಿದ್ದೆ. ಬ್ಲಾಕ್ ಜೋಡಿಸಿ ಲೋಕ ಕಟ್ಟುವ ಆಟ ಅದು, ಸರ್ವರ್ ಅಂದರೆ ಎಲ್ಲರೂ ಒಟ್ಟಿಗೆ ಸೇರಿ ಆಡುವ ಜಾಗ. ದೊಡ್ಡದೇನಲ್ಲ. ಲೆಕ್ಕಕ್ಕೆ ನಲವತ್ತು ಜನ, ದಿನಾ ಬರುವವರು ಹನ್ನೊಂದು. ಮಾತುಕತೆಗೆ ಡಿಸ್ಕಾರ್ಡ್ ಅನ್ನುವ ಹರಟೆ ಆ್ಯಪ್‌ನಲ್ಲಿ ಇನ್ನೊಂದು ಸರ್ವರ್, ಅಂದರೆ ನಮ್ಮದೇ ಗುಂಪು. ಎರಡೂ ಒಬ್ಬನೇ ಹುಡುಗನ ಹೆಸರಲ್ಲಿದ್ದವು. ಹೋದ ತಿಂಗಳು ಅವನಿಗೆ ಕೆಲಸ ಸಿಕ್ಕಿತು, ಆಟ ಸಾಕಾಯಿತು, ಬಾಡಿಗೆ ಕಟ್ಟುವುದನ್ನು ನಿಲ್ಲಿಸಿದ. “ಮೂರು ದಿನದಲ್ಲಿ ಮುಚ್ಚುತ್ತೇನೆ, ಬೇಕಾದ್ದು ತೆಗೆದುಕೊಳ್ಳಿ” ಅಂತ ಒಂದು ಸಾಲು ಹಾಕಿದ್ದನಂತೆ. ನನಗೆ ಪರೀಕ್ಷೆ ನಡೆಯುತ್ತಿತ್ತು. ಫೋನನ್ನು ನಾನೇ ಅಪ್ಪನ ಕೈಗೆ ಕೊಟ್ಟಿದ್ದೆ. ನಾಲ್ಕನೇ ದಿನ ಡಿಸ್ಕಾರ್ಡ್ ತೆರೆದರೆ ಪಟ್ಟಿಯಲ್ಲಿ ನಮ್ಮ ಸರ್ವರ್‌ನ ಚಿತ್ರವೇ ಇಲ್ಲ. ಕೆಳಗಿದ್ದವು ಒಂದೊಂದು ಮೆಟ್ಟಿಲು ಮೇಲೆ ಬಂದು ಆ ಜಾಗವನ್ನು ತುಂಬಿಕೊಂಡಿದ್ದವು.

ಎರಡು ದಿನ ಊಟ ಸೇರಲಿಲ್ಲ. ಅಮ್ಮ ಕೇಳಿದಳು, ಹೇಳಿದೆ. ಅಣ್ಣ ಬಿದ್ದು ಬಿದ್ದು ನಕ್ಕ. “ಮುಖ ಕೂಡ ನೋಡದವರಿಗೆ ಅಳುತ್ತಾನಲ್ಲ” ಅಂದ. ಅಪ್ಪ ನಗಲಿಲ್ಲ. “ಒಳ್ಳೇದೇ ಆಯ್ತು ಬಿಡು” ಅಂದರು. ನಗುವಿಗಿಂತ ಅದೇ ಜಾಸ್ತಿ ಚುಚ್ಚಿತು.

ಒಂದು ವಿಷಯ ಹೇಳಲೇಬೇಕು. ನಾನು ತೊದಲುತ್ತೇನೆ, ಚಿಕ್ಕಂದಿನಿಂದ. ಪ, ಬ, ಮ ಬಂದರೆ ತುಟಿ ಅಂಟಿಕೊಂಡುಬಿಡುತ್ತದೆ. ನನ್ನ ನಿಜವಾದ ಹೆಸರು ಶುರುವಾಗುವುದೇ ಅವುಗಳಲ್ಲೊಂದು ಅಕ್ಷರದಿಂದ, ನೋಡಿ ಎಂಥ ಅದೃಷ್ಟ. ಯಾರಾದರೂ ಹೊಸಬರು ಹೆಸರು ಕೇಳಿದರೆ ಕೆಮ್ಮಿ ಬೇರೆ ಯಾವುದೋ ಹೆಸರು ಹೇಳಿದ್ದೂ ಉಂಟು. ತರಗತಿಯಲ್ಲಿ ಉತ್ತರ ಗೊತ್ತಿದ್ದರೂ “ಗೊತ್ತಿಲ್ಲ” ಅನ್ನುತ್ತಿದ್ದೆ. ಆ ಪದ ಸಲೀಸಾಗಿ ಬರುತ್ತಿತ್ತು, ಅದಕ್ಕೆ. ಹೀಗಾಗಿ ಕೆಲವರ ಪಾಲಿಗೆ ನಾನು ದಡ್ಡ, ಉಳಿದವರ ಪಾಲಿಗೆ ಗಂಭೀರ ಹುಡುಗ. ಎರಡೂ ನಿಜವಲ್ಲ.

ಅಲ್ಲಿ ನಾನು ಗೂಬೆ. ರಾತ್ರಿ ಮಾತ್ರ ಬರುತ್ತಾನೆ ಅಂತ ಅವರೇ ಇಟ್ಟ ಹೆಸರು. ಟೈಪ್ ಮಾಡುವಾಗ ತೊದಲು ಎಲ್ಲಿಂದ ಬರಬೇಕು? ಆ ಗುಂಪಿನಲ್ಲಿ ವಾಚಾಳಿ ಅಂದರೆ ನಾನೇ. ಯಾರದೋ ಪೆಟ್ಟಿಗೆಯಿಂದ ಇನ್ಯಾರೋ ವಜ್ರ ಕದ್ದರೆ ಪಂಚಾಯಿತಿಗೆ ನನ್ನನ್ನೇ ಕರೆಯುತ್ತಿದ್ದರು. ನದಿಯ ಮೇಲೆ ಒಂದು ಸೇತುವೆ ಕಟ್ಟಿದ್ದೆ, ಒಂಬತ್ತು ಕಮಾನಿನದು. ಹೊಸಬರಿಗೆ “ಗೂಬೆ ಸೇತುವೆ ದಾಟಿ ಎಡಕ್ಕೆ ಬಾ” ಅಂತಲೇ ದಾರಿ ಹೇಳುತ್ತಿದ್ದರು.

ಮೊದಲ ಎರಡು ವರ್ಷ ಬರೀ ಟೈಪಿಂಗ್‌ನಲ್ಲೇ ಕಳೆದೆ. ಆಮೇಲೆ ವಾಯ್ಸ್ ಚಾನೆಲ್‌ಗೆ ಬಾ ಅಂತ ಪೀಡಿಸಿದರು. ಪುಶ್ ಟು ಟಾಕ್ ಇಟ್ಟುಕೊಂಡೆ, ಗುಂಡಿ ಒತ್ತಿ ಹಿಡಿದಾಗ ಮಾತ್ರ ದನಿ ಹೋಗುತ್ತದಲ್ಲ, ಅದು. ಮಾತು ಸಿಕ್ಕಿಕೊಂಡರೆ ಬೆರಳು ಎತ್ತುವುದು, ಬಿಡಿಸಿಕೊಂಡ ಮೇಲೆ ಮತ್ತೆ ಒತ್ತುವುದು. ಮನೆಯವರೆಲ್ಲ ಮಲಗಿರುತ್ತಿದ್ದರು, ಪಿಸುದನಿಯಲ್ಲೇ ಮಾತು. ಒಂದು ತಿಂಗಳು ಯಾರಿಗೂ ಗೊತ್ತಾಗಲಿಲ್ಲ.

ಒಂದು ರಾತ್ರಿ ಆಟದಲ್ಲಿ ಗೆಳೆಯನ ಮನೆಯೊಳಗೆ ಕ್ರೀಪರ್, ಅಂದರೆ ಹತ್ತಿರ ಬಂದು ಸಿಡಿಯುವ ಜೀವಿ, ನುಗ್ಗುವುದರಲ್ಲಿತ್ತು. ನೋಡಿದವನು ನಾನೊಬ್ಬನೇ. “ಬಾಗಿಲು ಮುಚ್ಚು” ಅನ್ನಬೇಕು. ಎರಡೇ ಪದ, ಒಂದು ಬ, ಒಂದು ಮ. ಗಾಬರಿಯಲ್ಲಿ ಬೆರಳು ಎತ್ತುವುದು ಮರೆತುಹೋಯಿತು. “ಬ... ಬ... ಬ...” ಅನ್ನುತ್ತಿದ್ದಂತೆ ಮನೆ ಢಂ ಅಂತ ಸಿಡಿಯಿತು. ಯಾರೂ ಮಾತಾಡಲಿಲ್ಲ. ಹೆಡ್‌ಫೋನ್ ಕಿತ್ತು ಓಡಿಹೋಗೋಣ ಅನ್ನಿಸಿತು. ಆಗ ಮನೆ ಕಳೆದುಕೊಂಡವನೇ ಹೇಳಿದ: “ಗೂಬೆ, ಇನ್ಮೇಲೆ ‘ಓಡು’ ಅಂದುಬಿಡು, ಅಷ್ಟೇ ಸಾಕು.” ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ನಮ್ಮಲ್ಲಿ ಬಾಗಿಲು ಮುಚ್ಚುವುದಕ್ಕೂ ‘ಓಡು’ ಅಂತಲೇ ಅನ್ನುತ್ತಿದ್ದರು. ಬೆರಳಿನ ಕಸರತ್ತು ನಿಂತಿತು.

ಈಗ ನನ್ನ ಪ್ರಶ್ನೆ. ಇದನ್ನು ವಾಪಸ್ ಪಡೆಯಲು ದಾರಿ ಇದೆಯಾ? ಇಲ್ಲದಿದ್ದರೆ ಇನ್ನೊಂದು ಹೇಳಿ: ಆ ಗೂಬೆ ನಾನಾ, ಅಥವಾ ಆಟದಲ್ಲಿ ಹಾಕಿದ ಒಂದು ವೇಷ ಅಷ್ಟೇನಾ? ಮನೆಯಲ್ಲಿ ಒಬ್ಬರೂ ಅವನನ್ನು ಕಂಡಿಲ್ಲ. ಕಂಡವರು ಎಲ್ಲಿದ್ದಾರೋ ನನಗೆ ಗೊತ್ತಿಲ್ಲ.

ರೆಡ್‌ಸ್ಟೋನ್ ಮಾಮ

ಮೊದಲನೆಯದಕ್ಕೆ ಮಾತ್ರ ಉತ್ತರ. ಎರಡನೆಯದು ನನ್ನ ಕೈಲಾಗುವುದಲ್ಲ.

ಡಿಸ್ಕಾರ್ಡ್ ಸರ್ವರ್ ಡಿಲೀಟ್ ಆಗಿದ್ದರೆ ಅದರೊಳಗಿನ ಚಾನೆಲ್, ಹರಟೆ ಎಲ್ಲಾ ಹೋಯಿತು ಅಂತಲೇ ತಿಳಿದುಕೋ. ಆದರೆ ಯಾರ ಜೊತೆಗಾದರೂ ನೇರವಾಗಿ ಸಂದೇಶ ಕಳಿಸಿದ್ದರೆ ಅದು ಹಾಗೇ ಇರುತ್ತದೆ. ಹಳೇದನ್ನೆಲ್ಲ ಜಾಲಾಡು.

ಮೈನ್‌ಕ್ರಾಫ್ಟ್ ಕಥೆ ಬೇರೆ. ಜಾವಾ ಎಡಿಶನ್ (ಕಂಪ್ಯೂಟರ್‌ನಲ್ಲಿ ಆಡುವ ಒಂದು ಆವೃತ್ತಿ) ಆದರೆ ನಿಮ್ಮ ಇಡೀ ಲೋಕ ಒಂದು ಫೋಲ್ಡರ್ ಅಷ್ಟೇ. ಮಾಲೀಕನೋ ಹಳೇ ಅಡ್ಮಿನ್ನೋ ಯಾವತ್ತಾದರೂ ಅದನ್ನು ಜಿಪ್ ಮಾಡಿ ಇಟ್ಟಿದ್ದರೆ ಕೆಲಸ ಆಯಿತು. ಸರ್ವರ್ ಸಾಫ್ಟ್‌ವೇರ್ ಉಚಿತ, ಮನೆ ಕಂಪ್ಯೂಟರ್‌ನಲ್ಲೇ ಓಡಿಸಬಹುದು. ಬರೀ ಸೀಡ್ ಸಂಖ್ಯೆ (ಲೋಕ ಹುಟ್ಟುವುದೇ ಈ ಸಂಖ್ಯೆಯಿಂದ) ಸಿಕ್ಕರೆ, ವರ್ಷನ್ ಕೂಡ ಅದೇ ಇದ್ದರೆ, ಬೆಟ್ಟ ನದಿ ಎಲ್ಲಾ ಮತ್ತೆ ಹುಟ್ಟುತ್ತವೆ. ನೀವು ಕಟ್ಟಿದ್ದು ಹುಟ್ಟುವುದಿಲ್ಲ.

ಸ್ಕ್ರ್ಯಾಪ್‌ಬುಕ್

ಗೂಬೆ, ನಿನ್ನ ಪೋಸ್ಟ್ ಓದಿ ನನಗೆ ಆರ್ಕುಟ್ ನೆನಪಾಯಿತು, ಫೇಸ್‌ಬುಕ್ ಥರದ್ದೇ ಗೂಗಲ್‌ನ ಹಳೇ ಜಾಲತಾಣ. ನಗಬೇಡ, ನನಗೂ ಒಂದು ಕಾಲದಲ್ಲಿ ಇಪ್ಪತ್ತು ವರ್ಷ ಇತ್ತು!

ಅಲ್ಲಿ ಗೆಳೆಯರು ನಮಗೆ ಅಂಕ ಕೊಡುತ್ತಿದ್ದರು. ನಂಬಿಗಸ್ಥೆ ಅಂದರೆ ನಗುಮುಖ, ಕೂಲ್ ಅಂದರೆ ಮಂಜುಗಡ್ಡೆ, ಇನ್ನೊಂದು ಹೃದಯ. ನನಗೆ ನಗುಮುಖ ತುಂಬ, ಮಂಜುಗಡ್ಡೆ ಕಡಿಮೆ. ಆ ಕೊರಗು ಎಷ್ಟು ದಿನ ಇತ್ತು ಗೊತ್ತಾ? ಟೆಸ್ಟಿಮೋನಿಯಲ್ ಅಂತ ಇನ್ನೊಂದಿತ್ತು. ಒಬ್ಬರು ನಮ್ಮ ಬಗ್ಗೆ ಬರೆದರೆ, ನಾವು ಒಪ್ಪಿದ ಮೇಲೆ ಮಾತ್ರ ಎಲ್ಲರಿಗೂ ಕಾಣುತ್ತಿತ್ತು. ಹಾಗಾಗಿ ಗುಟ್ಟಿನ ಮಾತನ್ನೆಲ್ಲ ಅದರಲ್ಲೇ ಬರೆದು, ಕೊನೆಗೆ “ಒಪ್ಪಬೇಡ ಕಣೇ” ಅಂತ ಸೇರಿಸುತ್ತಿದ್ದೆವು. ಒಬ್ಬಳು ಮರೆತು ಒಪ್ಪಿಬಿಟ್ಟಳು. ಆ ಕಥೆ ಬೇಡ ಬಿಡಿ.

2004ರಲ್ಲಿ ಶುರುವಾಗಿದ್ದು 2014ರ ಸೆಪ್ಟೆಂಬರ್ 30ಕ್ಕೆ ಮುಚ್ಚಿತು. ನಮ್ಮದನ್ನು ಇಳಿಸಿಕೊಳ್ಳಲು 2016ರವರೆಗೂ ಅವಕಾಶ ಕೊಟ್ಟಿದ್ದರು. ನಿನಗೆ ಮೂರು ದಿನ, ನಮಗೆ ಎರಡು ವರ್ಷ. ಆದರೂ ನಾನು ಇಳಿಸಿಕೊಳ್ಳಲಿಲ್ಲ. ಅಷ್ಟರಲ್ಲಿ ನಾವೆಲ್ಲ ಬೇರೆ ಕಡೆ ಮನೆ ಮಾಡಿದ್ದೆವು, ಹಳೇ ಬೀದಿಯ ಕಡೆ ತಲೆ ಹಾಕಿರಲಿಲ್ಲ. ಈಗ ಆ ಒಪ್ಪದ ಟೆಸ್ಟಿಮೋನಿಯಲ್‌ಗಳನ್ನು ಒಂದು ಸಲ ಓದಬೇಕು ಅನ್ನಿಸುತ್ತದೆ. ಅವುಗಳಲ್ಲಿದ್ದ ಹುಡುಗಿ ನಾನೇ. ವೇಷ ಅಂತ ನನಗಂತೂ ಯಾವತ್ತೂ ಅನ್ನಿಸಿಲ್ಲ.

ನೇರಮಾತು

ಎಲ್ಲರೂ ಸಮಾಧಾನ ಹೇಳುತ್ತಿದ್ದೀರಿ. ನಾನು ಸ್ವಲ್ಪ ಕಹಿ ಮಾತಾಡುತ್ತೇನೆ.

ಒಬ್ಬನಿಗೆ ಬೇಜಾರಾಗಿ ಗುಂಡಿ ಒತ್ತಿದರೆ ನಲವತ್ತು ಜನ ದಿಕ್ಕಾಪಾಲು. ಇದನ್ನು ಸಮುದಾಯ ಅನ್ನಬೇಕಾ? ಆರು ವರ್ಷದಲ್ಲಿ ಒಬ್ಬರಾದರೂ “ಬಾಡಿಗೆ ಹಂಚಿಕೊಳ್ಳೋಣ” ಅಂದಿರಾ? ಬ್ಯಾಕಪ್ ಯಾರ ಹತ್ತಿರ ಇದೆ ಅಂತ ಕೇಳಿದಿರಾ? ಅವನ ಮನೆಯಲ್ಲಿ ಅತಿಥಿಗಳಾಗಿದ್ದಿರಿ ಅಷ್ಟೇ.

ಗೂಬೆ ಅಲ್ಲಿ ಹಾಯಾಗಿದ್ದ, ಸರಿ. ಹೊರಗಿನ ಹುಡುಗನಿಗೆ ಅದರಿಂದ ಏನು ಸಿಕ್ಕಿತು? ಹೆಸರು ಕೇಳಿದರೆ ಇನ್ನೂ ಕೆಮ್ಮುತ್ತಾನಲ್ಲ. ಅಡಗಿಕೊಳ್ಳಲು ಬೆಚ್ಚನೆಯ ಜಾಗ ಸಿಕ್ಕರೆ ಹೊರಗೆ ಬರುವ ಹಟವೇ ಹೋಗುತ್ತದೆ. ನಿಮ್ಮ ಅಪ್ಪ ಅಂದದ್ದು ಪೂರ್ತಿ ತಪ್ಪಲ್ಲ.

ಗೂಬೆ

ನೇರಮಾತು, ಬಾಡಿಗೆ ವಿಷಯಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ವಜ್ರದ ಕಳ್ಳತನಕ್ಕೆ ಅಷ್ಟುದ್ದ ಪಂಚಾಯಿತಿ ಮಾಡಿದವನು, ನೆಲ ಯಾರದು ಅಂತ ಯೋಚಿಸಲಿಲ್ಲ.

ಎರಡನೆಯದನ್ನು ಒಪ್ಪಲಾರೆ. ಹೋದ ವರ್ಷ ನನಗೆ ಮೌಖಿಕ ಪರೀಕ್ಷೆ ಇತ್ತು. ಮೂರು ಜನ ಎದುರಿಗೆ. ಹಿಂದೆ ಆಗಿದ್ದರೆ ಮೊದಲ ಪ್ರಶ್ನೆಗೇ “ಗೊತ್ತಿಲ್ಲ” ಅಂದು ಎದ್ದು ಬರುತ್ತಿದ್ದೆ. ಅವತ್ತು ಒಳಗೆ ಹೋಗಿ ಕೂತವನೇ “ನಾನು ತೊದಲುತ್ತೇನೆ, ಸ್ವಲ್ಪ ಟೈಮ್ ಕೊಡಿ” ಅಂದೆ. ಆ ವಾಕ್ಯವನ್ನು ನಾನು ಮೊದಲ ಸಲ ಹೇಳಿದ್ದು ಆ ವಾಯ್ಸ್ ಚಾನೆಲ್‌ನಲ್ಲಿ, ಮನೆ ಸಿಡಿದ ಮರುದಿನ. ಪರೀಕ್ಷೆಯಲ್ಲಿ ಒಂದು ಕಡೆ ಬ ಬಂದು ನಿಂತೇ ಹೋಯಿತು. ಒಳಗೊಳಗೇ ‘ಓಡು’ ಅಂದುಕೊಂಡೆ. ನಗು ಬಂತು, ತುಟಿ ಬಿಟ್ಟುಕೊಂಡಿತು. ಎದುರಿಗಿದ್ದವರಿಗೆ ನಾನು ಯಾಕೆ ನಕ್ಕೆ ಅಂತ ಇವತ್ತಿಗೂ ಗೊತ್ತಿರಲಿಕ್ಕಿಲ್ಲ.

ಹೆಸರು ಹೇಳುವಾಗ ಮಾತ್ರ ಈಗಲೂ ಕೆಮ್ಮುತ್ತೇನೆ. ಸುಳ್ಳು ಯಾಕೆ ಹೇಳಲಿ.

ಅಳಿಸಿದ ಫೋಟೊ

ಗೂಬೆ, ನಿನ್ನನ್ನು ನೋಡಿ ಹೊಟ್ಟೆಕಿಚ್ಚಾಗುತ್ತಿದೆ. ನಿಜವಾಗಿ.

ನನಗೆ 22. ನನ್ನ ಹದಿಹರೆಯ ಇನ್‌ಸ್ಟಾಗ್ರಾಮ್‌ನಲ್ಲಿ ಕಳೆಯಿತು. ನನ್ನದೇ ಒಂದು ಕಾನೂನು ಇತ್ತು: ಒಂದು ಗಂಟೆಯಲ್ಲಿ ಐವತ್ತು ಲೈಕ್ ಬರದಿದ್ದರೆ ಫೋಟೊ ಅಳಿಸುವುದು. ಹೀಗೆ ಅಳಿಸುತ್ತಾ ಅಳಿಸುತ್ತಾ ಉಳಿದದ್ದು ಏನು ಗೊತ್ತಾ? ಒಂದೇ ಕೋನದ ಮುಖ. ಕನ್ನಡಕ ಹಾಕಿದ್ದು ಒಂದೂ ಇಲ್ಲ, ಚಿತ್ರ ಬಿಡಿಸುತ್ತಿದ್ದೆ, ಅದೂ ಇಲ್ಲ. ಯಾರೂ ನನಗೆ “ಹೀಗಿರು” ಅಂತ ಹೇಳಿರಲಿಲ್ಲ. ಎಣಿಕೆ ನೋಡಿ ನಾನೇ ನನ್ನನ್ನು ಕತ್ತರಿಸಿಕೊಂಡೆ. 2021ರಲ್ಲಿ ಲೈಕ್ ಎಣಿಕೆ ಮುಚ್ಚಿಡುವ ಆಯ್ಕೆ ಬಂತು. ಖುಷಿಯಿಂದ ಮುಚ್ಚಿದೆ. ಆದರೆ ಬೇರೆಯವರಿಗೆ ಕಾಣದಿದ್ದರೂ ನಾನು ಒತ್ತಿ ನೋಡಬಹುದಿತ್ತು. ನೋಡುತ್ತಿದ್ದೆ.

ಒಂಬತ್ತೇ ಗೆಳತಿಯರಿರುವ ಇನ್ನೊಂದು ಗುಟ್ಟಿನ ಖಾತೆ ಇತ್ತು. ಕನ್ನಡಕ, ಅಳು, ಕೆಟ್ಟ ಚಿತ್ರಗಳು, ಎಲ್ಲಾ ಅದರಲ್ಲಿ. ವಿಚಿತ್ರ ಅಂದರೆ ಸುಳ್ಳು ಹೆಸರಿದ್ದ ಖಾತೆಯಲ್ಲಿ ನಾನಿದ್ದೆ, ಸ್ವಂತ ಹೆಸರಿದ್ದದ್ದರಲ್ಲಿ ಯಾರೋ ಇದ್ದಳು. ನಿನ್ನ ಸೇತುವೆಗೆ ಎಷ್ಟು ಲೈಕ್ ಬಂದವು ಹೇಳು? ಲೆಕ್ಕವೇ ಇಲ್ಲ ಅಲ್ವಾ. ಜನ ಸುಮ್ನೆ ದಾಟಿಕೊಂಡು ಹೋದರು.

ರಾತ್ರಿಪಾಳಿ

ಇದನ್ನು ನಿನ್ನ ಅಣ್ಣನಿಗೆ ಓದಿ ಹೇಳು.

ನಾರ್ವೆಯಲ್ಲಿ ಮಾಟ್ಸ್ ಸ್ಟೀನ್ ಅಂತ ಒಬ್ಬ ಹುಡುಗ ಇದ್ದ. ಡುಶೆನ್ ಅನ್ನುವ ಕಾಯಿಲೆ, ಸ್ನಾಯುಗಳು ವರ್ಷ ಕಳೆದಂತೆ ಸೋಲುತ್ತಾ ಹೋಗುತ್ತವೆ. ಗಾಲಿಕುರ್ಚಿಯಲ್ಲೇ ಬದುಕು. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಅನ್ನುವ ಆನ್‌ಲೈನ್ ಆಟ ಆಡುತ್ತಿದ್ದ. ಅಲ್ಲಿ ಅವನ ಹೆಸರು ಇಬೆಲಿನ್. 2014ರ ನವೆಂಬರ್‌ನಲ್ಲಿ, 25ನೇ ವಯಸ್ಸಿಗೆ ತೀರಿಕೊಂಡ. ಪಾಪ, ಮಗನಿಗೆ ಗೆಳೆಯರೇ ಇರಲಿಲ್ಲ ಅಂತ ತಂದೆ ತಾಯಿ ನಂಬಿದ್ದರು. ಅವನ ಬ್ಲಾಗಿನಲ್ಲಿ ಸಾವಿನ ಸುದ್ದಿ ಬರೆದರು. ಆಮೇಲೆ ಬೇರೆ ಬೇರೆ ದೇಶಗಳಿಂದ ಮೇಲ್ ಬರತೊಡಗಿದವು, ಒಂದರ ಹಿಂದೆ ಒಂದು. ನಮ್ಮ ಕಷ್ಟಕಾಲದಲ್ಲಿ ಜೊತೆಗಿದ್ದವನು ಅವನು ಅಂತ. ಆಟದ ಗೆಳೆಯರಲ್ಲಿ ಕೆಲವರು ಪ್ರಯಾಣ ಮಾಡಿ ಅಂತ್ಯಸಂಸ್ಕಾರಕ್ಕೂ ಬಂದರು.

ಮುಖ ನೋಡದವರಿಗೆ ಅಳುವುದರಲ್ಲಿ ನಗುವಂಥದ್ದು ಏನಿದೆ ಅಂತ ನಿನ್ನ ಅಣ್ಣನನ್ನೇ ಕೇಳು.

ಗೂಬೆ

ಹನ್ನೆರಡು ದಿನದ ನಂತರ ಬಂದಿದ್ದೇನೆ.

ರೆಡ್‌ಸ್ಟೋನ್ ಮಾಮ, ನಿಮ್ಮ ಮಾತು ಕೇಳಿ ಹಳೇ ಸಂದೇಶಗಳನ್ನೆಲ್ಲ ಜಾಲಾಡಿದೆ. ‘ಇದ್ದಿಲು’ ಅನ್ನುವವನ ಜೊತೆ ಒಂದೇ ಒಂದು ನೇರ ಸಂದೇಶ ಇತ್ತು, ಅದೂ ಜಗಳದ್ದು. ಪರವಾಗಿಲ್ಲ ಅಂತ ಬರೆದೆ. ಅವನ ಹತ್ತಿರ ಎರಡೂವರೆ ವರ್ಷ ಹಳೇ ಬ್ಯಾಕಪ್ ಇದೆ! ಅವನು ಇಬ್ಬರನ್ನು ಕರೆದ, ಅವರು ಇನ್ನೂ ಇಬ್ಬರನ್ನು ಕರೆದರು. ನನ್ನನ್ನೂ ಸೇರಿಸಿ ಆರು ಜನ ಆದೆವು.

ನೇರಮಾತು, ಇದು ನಿಮಗೆ: ಸದ್ಯ ನನ್ನ ಕಂಪ್ಯೂಟರ್‌ನಲ್ಲೇ ಓಡುತ್ತಿದೆ, ವಾರಕ್ಕೊಂದು ಬ್ಯಾಕಪ್, ಮೂವರ ಹತ್ತಿರ ಇರುತ್ತದೆ. ಬಾಡಿಗೆಗೆ ಹಾಕುವ ದಿನ ಬಂದರೆ ಆರು ಪಾಲು.

ಭಾನುವಾರ ಹಗಲು ಹೊತ್ತಿನಲ್ಲೇ ಆಡಿದೆವು. ಪಿಸುಗುಡುವುದು ಮರೆತು ಜೋರಾಗಿ ಕಿರುಚಾಡುತ್ತಿದ್ದೆ. ತಿರುಗಿ ನೋಡಿದರೆ ಅಣ್ಣ ಬಾಗಿಲಲ್ಲಿ ನಿಂತಿದ್ದ. ಎಷ್ಟು ಹೊತ್ತಿನಿಂದ ನಿಂತಿದ್ದನೋ. ನಗಲಿಲ್ಲ. “ಯಾಕೆ ಎಲ್ಲದಕ್ಕೂ ಓಡು ಓಡು ಅಂತೀರ?” ಅಂತ ಕೇಳಿದ. ಅದನ್ನು ವಿವರಿಸಲು ಹತ್ತು ನಿಮಿಷ ಹಿಡಿಯಿತು, ಬ ಮ ಎರಡೂ ಜಾಸ್ತಿ ಇರುವ ಕಥೆ ನೋಡಿ. ಪೂರ್ತಿ ಕೇಳಿದ.

ಆ ಬ್ಯಾಕಪ್‌ನಲ್ಲಿ ಸೇತುವೆಗೆ ಐದೇ ಕಮಾನು. ಆರನೆಯದಕ್ಕೆ ಕಲ್ಲು ಸಾಲದು, ಇವತ್ತು ರಾತ್ರಿ ಗಣಿಗೆ ಇಳಿಯಬೇಕು.