ಮನೆ ಗ್ರೂಪಿನಲ್ಲಿ ಎಣ್ಣೆ ಗಲಾಟೆ

ದೊಡ್ಡ ಕಾಕಾ: ತಪ್ಪದೇ ಓದಿ, ಎಲ್ಲರಿಗೂ ಕಳಿಸಿ! ರಿಫೈನ್ಡ್ ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕುತ್ತಾರೆ. ಅದು ಎಣ್ಣೆಯಲ್ಲ, ವಿಷ!

ಸುಧಾ ಅತ್ತಿ: ಅಯ್ಯೋ ಶಿವನೇ! ನಿನ್ನೆ ತಾನೇ ಐದು ಲೀಟರ್ ಡಬ್ಬಿ ತಂದೆ.

ವಿನು: ಕಾಕಾ, ಇದನ್ನು ಬರೆದವರು ಯಾರು?

ದೊಡ್ಡ ಕಾಕಾ: ನಮ್ಮ ವಾಕಿಂಗ್ ಗ್ರೂಪಿನಲ್ಲಿ ಬಂತು. ಅಲ್ಲಿ ಇಬ್ಬರು ಡಾಕ್ಟರ್ ಇದ್ದಾರೆ.

ವಿನು: ಅವರು ಬರೆದದ್ದಾ?

ದೊಡ್ಡ ಕಾಕಾ: ಹೆಬ್ಬೆರಳು ತೋರಿಸಿದ್ದಾರೆ. ಸಾಕಲ್ಲ!

(ಸಂತೋಷ ಎಣ್ಣೆ ಮಿಲ್ಲಿನ ಲ್ಯಾಬಿನಲ್ಲಿದ್ದಾನೆ. ಗ್ರೂಪಿನಲ್ಲಿ ಅವನ ಮಾತಿಗೆ ಬೆಲೆ ಅಷ್ಟಕ್ಕಷ್ಟೇ.)

ಸಂತೋಷ: ಸೋಡಾ ಹಾಕೋದು ನಿಜ ಕಾಕಾ. ಎಣ್ಣೆಯ ಹುಳಿ ಅಂಶ ಅದರ ಜೊತೆ ಸೇರಿ ಸೋಪಾಗುತ್ತದೆ. ಆ ಸೋಪು ಬೇರೆ ಮಾಡಿ ಎಣ್ಣೆ ತೊಳೆಯುತ್ತಾರೆ. ನೋಡಬೇಕಾದ್ದು ಕೊನೆಯ ಹಂತ. ವಾಸನೆ ಹೋಗಲಿ ಅಂತ ಗಾಳಿ ತೆಗೆದ ಟ್ಯಾಂಕಿನಲ್ಲಿ (ವ್ಯಾಕ್ಯೂಮ್) ಎಣ್ಣೆಯನ್ನು 200 ಡಿಗ್ರಿ ದಾಟಿಸಿ ಹಬೆ ಬಿಡುತ್ತಾರೆ. 240 ದಾಟಿ ಜಾಸ್ತಿ ಹೊತ್ತು ಇಟ್ಟರೆ ಟ್ರಾನ್ಸ್ ಕೊಬ್ಬು, ಅಂದ್ರೆ ಹೃದಯಕ್ಕೆ ಕೆಟ್ಟದ್ದು ಮಾಡುವ ಕೊಬ್ಬು, ಏರುತ್ತದೆ, ವಿಟಮಿನ್ ಇ ಹಬೆಯ ಜೊತೆ ಹೋಗುತ್ತದೆ. ಬಿಸಿ ಸಾಲದಿದ್ದರೆ ವಾಸನೆ ಉಳಿಯುತ್ತದೆ. ಟ್ರಾನ್ಸ್ ಕೊಬ್ಬು ನೂರಕ್ಕೆ 2 ದಾಟಬಾರದು ಅಂತ 2022ರಿಂದ ನಿಯಮವೂ ಇದೆ.

ಸುಧಾ ಅತ್ತಿ: ಇಷ್ಟುದ್ದ ಯಾರು ಓದಬೇಕಪ್ಪಾ? ಡಬ್ಬಿ ವಾಪಸ್ ಕೊಡಲೋ ಬೇಡವೋ?

ದೊಡ್ಡ ಕಾಕಾ: ನಮ್ಮಪ್ಪ ಗಾಣದ ಕುಸುಬಿ ಎಣ್ಣೆ ತಿಂದು ತೊಂಬತ್ತು ದಾಟಿದರು. ಈಗಿನವರಿಗೆ ಎಲ್ಲವೂ ಪ್ಯಾಕೆಟ್ಟಿನಲ್ಲೇ ಬೇಕು.

ಗಿರಿ: ಕುಸುಬಿ ಎಣ್ಣೆ! ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೇಲೆ ಸ್ವಲ್ಪ ಹಸಿ ಎಣ್ಣೆ... ಸಿದ್ಧೇಶ್ವರ ಜಾತ್ರೆಯ ಮಿರ್ಚಿ ಭಜಿ ನೆನಪಿದೆಯಾ? ಆ ಫೋಟೊ ಯಾರ ಹತ್ತಿರ ಇದೆ?

(ಮುಂದೆ ಒಂದಿಷ್ಟು ಹೊತ್ತು ಬರೀ ಭಜಿ. ಬಿಡಿ.)

ಸಂತೋಷ: ಗಾಣದ್ದು ಬೇಡ ಅಂದಿಲ್ಲ. ಬೂಸ್ಟು ಹಿಡಿದ ಶೇಂಗಾ ಹಾಕಿದರೆ ಆ ಬೂಸ್ಟಿನ ವಿಷ, ಅಫ್ಲಾಟಾಕ್ಸಿನ್, ಎಣ್ಣೆಗೂ ಬರುತ್ತದೆ. ಅದನ್ನು ತೆಗೆಯೋದು ನೀವು ಬೈದ ಆ ಸೋಡಾನೇ.

ದೊಡ್ಡ ಕಾಕಾ: ನಮ್ಮ ಗಾಣದವನು ಬೂಸ್ಟು ಹಾಕುತ್ತಾನೆ ಅಂತೀಯಾ? ಅವನು ನಿನ್ನ ಮುಂಜಿಗೆ ಬಂದಿದ್ದ!

ವಿನು: ಕಾಕಾ, ಹೊಸ ಮನೆ ಪೂಜೆಗೆ ರಿಫೈನ್ಡ್ ಡಬ್ಬಿ ತಂದವರು ನೀವೇ ಅಲ್ವಾ?

ದೊಡ್ಡ ಕಾಕಾ: ತಂದೆ. ಎಣ್ಣೆ ಚೆನ್ನಾಗೇ ಇತ್ತು. ಭಜಿ ಕಮಟು ಬಂದದ್ದು ಅಡುಗೆಯವರಿಂದ.

ಮಂಗಲಾ ವೈನಿ: ಅಡುಗೆಯವರು ಅಂದ್ರೆ ನಾನೇ ಮಾವ.

ಸಂತೋಷ: ವೈನಿ, ಕರಿದ ಎಣ್ಣೆ ಮತ್ತೆ ಕಾಯಿಸಿದರೂ ಹಾಗಾಗುತ್ತದೆ.

ಮಂಗಲಾ ವೈನಿ: ಓಹೋ, ನೀನೂ ಅವರ ಕಡೆನಾ! ಶನಿವಾರ ಊಟಕ್ಕೆ ಬರುತ್ತೀಯಲ್ಲ, ಬಾ.